ವಿಮಾನ ಹತ್ತದ ಕೊಬ್ಬರಿ ಬಟ್ಟಲು

ವಿಮಾನ ನಿಲ್ದಾಣದ ಗೋಡೆಯ ಮೇಲೆ ಒಂದು ಬೋರ್ಡ್ ಇತ್ತು. ಚಾಕು, ಕತ್ತರಿ, ಬೆಂಕಿಪೊಟ್ಟಣ, ಪಟಾಕಿ, ಎಲ್ಲದರ ಚಿತ್ರ ಬರೆದು ಮೇಲೊಂದು ಕೆಂಪು ಗೀಟು. ಸಾಲಿನ ಕೊನೆಗೆ ಒಡೆದ ಕಾಯಿಯ ಹೋಳು. ಅದಕ್ಕೂ ಕೆಂಪು ಗೀಟು.

ಮೇಲಿನ ಬರಹ ಸಣ್ಣದಿತ್ತು. ಓದುವ ಕನ್ನಡಕ ಪರ್ಸಿನ ತಳದಲ್ಲಿತ್ತು. ಹಾಗಾಗಿ ನಾನು ಚಿತ್ರ ನೋಡಿಯೇ ಅರ್ಥ ಮಾಡಿಕೊಂಡೆ. ಅರ್ಥವಷ್ಟೇ ಅಲ್ಲ, ಮೆಚ್ಚಿಕೊಂಡೆ ಕೂಡ.

ಅಂತೂ ಒಬ್ಬರಿಗಾದರೂ ಬುದ್ಧಿ ಬಂತಲ್ಲ! ನಮ್ಮ ಜನ ಕಾಯಿ ಒಡೆಯದ ಮಷೀನು ಯಾವುದಿದೆ ಹೇಳಿ. ಟ್ರ್ಯಾಕ್ಟರ್ ಬಂತು, ಕಾಯಿ. ಬೋರ್‌ವೆಲ್ ಲಾರಿ ಬಂತು, ಕಾಯಿ. ನಮ್ಮ ಸ್ಕೂಲಿಗೆ ಝೆರಾಕ್ಸ್ ಮಷೀನು ಬಂದಾಗ ಪ್ಯೂನ್ ಅದರ ಮುಂದೆಯೂ ಒಡೆದಿದ್ದ (ನೀರು ಒಳಗೆ ಹೋಗಿ ಮಷೀನು ಮೂರು ವಾರ ಮುಷ್ಕರ ಹೂಡಿತ್ತು). ಯಾರೋ ಪುಣ್ಯಾತ್ಮ ವಿಮಾನದ ಗಾಲಿಗೂ ಒಡೆಯಲು ಹೋಗಿರಬೇಕು, ಅದಕ್ಕೇ ಈ ಬೋರ್ಡು ಅಂದುಕೊಂಡೆ. ‘ವೆರಿ ಸೆನ್ಸಿಬಲ್’ ಎಂದು ಮನಸ್ಸಿನಲ್ಲೇ ಮಾರ್ಕ್ಸ್ ಕೊಟ್ಟು ಮುಂದೆ ನಡೆದೆ.

ನನ್ನ ಸೂಟ್‌ಕೇಸಿನೊಳಗೆ, ಸೀರೆಯ ಮಡಿಕೆಯ ನಡುವೆ, ಐದು ಕೊಬ್ಬರಿ ಬಟ್ಟಲುಗಳು ಸುಮ್ಮನೆ ಮಲಗಿದ್ದವು.

ನೀವು ಕೇಳಬಹುದು: ಈ ವಯಸ್ಸಿನಲ್ಲಿ, ಈ ಮೊಣಕಾಲು ಇಟ್ಟುಕೊಂಡು, ಬಾಗಲಕೋಟೆಯ ನವನಗರ ಬಿಟ್ಟು ಎಲ್ಲಿಗೆ ಹೊರಟಿದ್ದಿರಿ ಟೀಚರ್? ದಿಲ್ಲಿಗೆ. ಶಕ್ಕುವಿನ ಲಗ್ನಕ್ಕೆ.

ಶಕ್ಕು, ಅಂದರೆ ಶಕುಂತಲಾ, ಇಳಕಲ್ಲಿನವಳು. ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಕಾಟು ಅವಳದು. ನನ್ನ ಲಲಿತಾ ಎಂಬ ಹೆಸರನ್ನು ಸಿಸ್ಟರುಗಳು ಲಿಲ್ಲಿ ಮಾಡಿದರು. ಇಂದಿಗೂ ಆ ಹೆಸರಿನಿಂದ ಕರೆಯುವ ಒಂದೇ ಒಂದು ದನಿ ಅವಳದು. ಉಳಿದವರಿಗೆಲ್ಲ ನಾನು ಟೀಚರ್, ಇಲ್ಲವೇ ಅಕ್ಕೋರು. ಸೆಂಟ್ರಲ್ ಗವರ್ನ್‌ಮೆಂಟ್ ನೌಕರಿಯ ಹುಡುಗನನ್ನು ಮದುವೆಯಾಗಿ ದಿಲ್ಲಿಗೆ ಹೋದವಳು ಅಲ್ಲೇ ಅಜ್ಜಿಯಾದಳು. ನಾನು ಮದುವೆಯಾಗಲಿಲ್ಲ. (ಯಾಕೆ ಎಂದು ಮತ್ತೆ ಕೇಳಬೇಡಿ. ಪ್ರತಿ ವರ್ಷ ಈ ಅಂಕಣದ ಇಬ್ಬರು ಓದುಗರಾದರೂ ಕೇಳುತ್ತಾರೆ. ಕಾರಣ ಇಂಟರೆಸ್ಟಿಂಗ್ ಆಗಿಲ್ಲ.)

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

“ಲಿಲ್ಲಿ, ನಮ್ಮ ಲಗ್ನ ಆಗಿ ಐವತ್ತು ವರ್ಷ ಆಗ್ತಾವ. ಹುಡುಗ್ರು ಫಂಕ್ಷನ್ ಮಾಡ್ತಾರಂತ. ನಮಗ ಮತ್ತೊಮ್ಮೆ ಮಾಲಿ ಹಾಕಸ್ತಾರಂತ.”

“ಚೊಲೊ ಆತಲ್ಲ. ಈ ಸಲನರ ವರನ್ನ ಸರಿಯಾಗಿ ನೋಡಿ ಹಾಕು.”

ಅವಳು ನಗಲಿಲ್ಲ. ನನ್ನ ಜೋಕಿಗೆ ಶಕ್ಕು ನಗದಿದ್ದರೆ ಏನೋ ಇದೆ ಎಂದೇ ಅರ್ಥ.

“ಸರೋಜಕ್ಕ ಪದ್ಧತಿ ಪ್ರಕಾರನ ಎಲ್ಲಾ ಆಗಬೇಕು ಅಂತಾಳ,” ಎಂದಳು. ಸರೋಜಕ್ಕ ಅವಳ ನಾದಿನಿ, ಗಂಡನ ಅಕ್ಕ, ವಿಜಯಪುರದವರು. “ತವರಮನಿಯಿಂದ ಸೀರಿ ಬರಬೇಕಂತ, ಉಡಿ ತುಂಬಬೇಕಂತ. ನನಗ ಯಾರು ತರ್ತಾರ, ಲಿಲ್ಲಿ?”

ಯಾರು ತರುತ್ತಾರೆ? ಅಪ್ಪ ಅವ್ವ ಎಂದೋ ಹೋದರು. ಅಣ್ಣಂದಿರಿಬ್ಬರೂ ಒಬ್ಬರ ಹಿಂದೆ ಒಬ್ಬರು. ಇಳಕಲ್ಲಿನ ಮನೆ ಮಾರಿ ಹೋಯಿತು. ಕೊಂಡವರು ಮನೆ ಕೆಡವಿ ಗ್ರಾನೈಟ್ ಚಪ್ಪಡಿ ನಿಲ್ಲಿಸಿದ್ದಾರೆ. ಅವಳ ಅಡುಗೆಮನೆ ಇದ್ದ ಕಡೆ ಈಗ ಪಾಲಿಶ್ ಮಾಡಿದ ಕೆಂಪು ಕಲ್ಲುಗಳು ಗೋಡೆಗೊರಗಿ ನಿಂತಿವೆ. ನಾನು ಇದನ್ನೆಲ್ಲ ಬಲ್ಲೆ, ಅವಳಿಗೆ ಹೇಳಿಲ್ಲ.

“ನೀ ಬಾ,” ಎಂದಳು. “ನನ್ನ ತವರಮನಿ ಅಂತ ನೀನ ಬಾ.”

ನಾನು ಎಲೊಕ್ಯೂಷನ್ ಕಾಂಪಿಟಿಷನ್ನಿಗೆ ಜಡ್ಜ್ ಆಗಿದ್ದೇನೆ. ಚೀಫ್ ಗೆಸ್ಟ್ ಆಗಿದ್ದೇನೆ. ಓಡಿಹೋಗಿ ಮದುವೆಯಾದ ಹಳೆಯ ವಿದ್ಯಾರ್ಥಿಗಳಿಗೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಾಕ್ಷಿ ಹಾಕಿದ್ದೇನೆ. ಆದರೆ ಯಾರಿಗೂ ಯಾರೂ ಆಗಿ ಹೋಗಿದ್ದಿಲ್ಲ.

ಇಳಕಲ್ಲಿಗೆ ಬಸ್ಸು ಹತ್ತಿದೆ. ಇಮಾಮಸಾಬರ ಅಂಗಡಿಗೇ ಹೋದೆ. ಅವರ ಮಗಳು ನನ್ನ ಸ್ಟೂಡೆಂಟ್.

“ಬರ್ರಿ ಅಕ್ಕೋರ. ನಿಮಗೇನ್ರಿ?”

“ನನಗಲ್ಲ. ತವರ ಸೀರಿ ಬೇಕು.”

“ಯಾರಿಗ್ರಿ?”

“ಗೆಳತಿಗೆ.”

ಸೀರೆ ಬಿಚ್ಚುತ್ತಿದ್ದ ಕೈ ನಿಂತಿತು. “ಗೆಳತಿಗೆ ತವರ ಸೀರಿ! ಹಂಗಾರ ನೀವು ಅವರಿಗೆ ಅವ್ವ ಆದ್ರೋ, ಅಣ್ಣ ಆದ್ರೋ?”

“ಅಣ್ಣ ಅಂತ ಹಿಡೀರಿ.”

“ಅಣ್ಣ ಆದ್ರ ಚೌಕಾಶಿ ಮಾಡಂಗಿಲ್ಲ ನೋಡ್ರಿ ಮತ್ತ. ತಂಗಿ ಸೀರಿಗೆ ಚೌಕಾಶಿ ಮಾಡಿದ ಅಣ್ಣನ್ನ ಇಳಕಲ್ಲಿನ್ಯಾಗ ನಾ ಇನ್ನೂ ನೋಡಿಲ್ಲ.”

ಮಾಡಲಿಲ್ಲ. ದಾಳಿಂಬೆ ಬಣ್ಣದ ಒಡಲು, ಕೆಂಪು ಸೆರಗು. ನಮ್ಮ ಇಳಕಲ್ ಸೀರೆಯಲ್ಲಿ ಸೆರಗು ಬೇರೆ, ಒಡಲು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಮಗ್ಗದಲ್ಲೇ ಕೂಡಿಸುತ್ತಾರೆ. ಆ ಕೂಡಿಸಿದ ಜಾಗದ ಮೇಲೆ ಬೆರಳು ಆಡಿಸಿದರೆ ಸಣ್ಣಗೆ ತೊಡರುತ್ತದೆ. ಬೋರ್ಡಿಂಗಿನಲ್ಲಿ ಶಕ್ಕುವಿನ ಹಾಸಿಗೆಯ ಮೇಲೆ ಅವಳ ಅವ್ವನ ಹಳೆಯ ಸೀರೆಯ ಕೌದಿ ಇರುತ್ತಿತ್ತು. ನಿದ್ದೆ ಬರುವವರೆಗೂ ಅವಳ ಹೆಬ್ಬೆರಳು ಆ ತೊಡರಿನ ಮೇಲೇ ಓಡಾಡುತ್ತಿತ್ತು.

ಸೀರೆಯಷ್ಟೇ ಸಾಕೆ? ಅಮೀನಗಡದ ಕರದಂಟು. ಕಟಕ್ ರೊಟ್ಟಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಉಡಿ (ನಿಮ್ಮ ಕಡೆಯ ಮಡಿಲು) ತುಂಬಲು ಖಣ, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಅಕ್ಕಿ. ಮತ್ತು ಅವೇ, ಐದು ಕೊಬ್ಬರಿ ಬಟ್ಟಲು. ಕೊಬ್ಬರಿ ಇಲ್ಲದೆ ಉಡಿ ಉಂಟೆ? ರೊಟ್ಟಿ ಮುರಿಯಬಾರದೆಂದು ಸುತ್ತಲೂ ಹಳೆಯ ಪೇಪರ್ ತುರುಕಿದೆ.

ಬೆಲೆಯುಳ್ಳದ್ದು ಟ್ರಂಕಿನ ತಳಕ್ಕೆ, ಕೈಯಲ್ಲಿ ಕರ್ಚೀಫು ಮಾತ್ರ. ಇದು ಬೋರ್ಡಿಂಗಿನ ಸಿಸ್ಟರ್ ಕಲಿಸಿದ್ದು. ಅವರ ಕಾಲಕ್ಕೆ ಟ್ರಂಕು ನಮ್ಮ ಸೀಟಿನ ಕೆಳಗೇ ಇರುತ್ತಿತ್ತು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಇನ್ನು ಬೀರಪ್ಪ. ನಮ್ಮ ಸೆಕ್ಟರಿನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ನನ್ನ ಕರೆಂಟ್ ಬಿಲ್ಲು, ಗ್ಯಾಸು, ದವಾಖಾನೆ, ಎಲ್ಲಕ್ಕೂ ಅವನೇ. ವಿಮಾನದ ಟಿಕೆಟ್ಟನ್ನೂ ಅವನೇ ತನ್ನ ಮೊಬೈಲಿನಲ್ಲಿ ತೆಗೆಸಿದ. “ನಿಮ್ಮ ಫೋನ್ ಯಾವಾಗ್ಲೂ ಬಂದ್ ಇರ್ತದ ಅಕ್ಕೋರ, ನಂದ ನಂಬರ್ ಹಾಕೇನಿ,” ಎಂದ. ನಾನು ಹೂಂ ಎಂದೆ.

ಏರ್‌ಲೈನ್ ಕೌಂಟರಿನಲ್ಲಿ ಹುಡುಗಿ ಸೂಟ್‌ಕೇಸನ್ನು ತಕ್ಕಡಿಯ ಮೇಲೆ ಇಡಿಸಿದಳು. ಹದಿನೈದು ಕೆಜಿ ಅಲೌಡ್. ನನ್ನದು ಹದಿನೇಳನ್ನು ದಾಟಿತ್ತು.

“ಮೇಡಂ, ಎಕ್ಸ್‌ಟ್ರಾ ಇದೆ. ತೆಗೀತೀರಾ, ಪೇ ಮಾಡ್ತೀರಾ?”

ನನ್ನ ಮುಂದೆ ನಿಂತಿದ್ದ ಗೃಹಸ್ಥನನ್ನು ನೋಡಿದೆ. ಆತನ ಹೊಟ್ಟೆಯೊಂದೇ ಹದಿನೇಳು ಕೆಜಿ ಇರಬೇಕು. ಅದಕ್ಕೆ ಚಾರ್ಜ್ ಇಲ್ಲ! ಮನುಷ್ಯನನ್ನು ತೂಗದೆ ಅವನ ಗಂಟನ್ನು ಮಾತ್ರ ತೂಗುವುದು ಯಾವ ಶಾಸ್ತ್ರ?

ಅಲ್ಲೇ ನೆಲದ ಮೇಲೆ ಕೂತು ಸೂಟ್‌ಕೇಸ್ ಬಿಚ್ಚಿದೆ. (ಎಪ್ಪತ್ತು ದಾಟಿದ ಹೆಂಗಸು ಲೋಕದೆದುರು ತನ್ನ ಪೆಟಿಕೋಟು ಹೊರತೆಗೆಯುವ ದೃಶ್ಯವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.) ಏನು ತೆಗೆಯಲಿ? ಶಕ್ಕುವಿನದು ಒಂದೂ ತೆಗೆಯುವಂತಿಲ್ಲ. ನನ್ನವೇ ತೆಗೆದೆ. ಎರಡು ಸೀರೆ, ಚಪ್ಪಲಿ, ಶಾಲು, ಬಿಸಿನೀರಿನ ಚೀಲ, ದಪ್ಪನೆಯದೊಂದು ಇಂಗ್ಲಿಷ್ ಕಾದಂಬರಿ. ಸ್ವೆಟರನ್ನು ಮೈಮೇಲೆ ಹಾಕಿಕೊಂಡೆ. ನಮ್ಮ ಕಡೆಯ ಬಿಸಿಲಿನಲ್ಲಿ ಸ್ವೆಟರ್! ಮೈಮೇಲಿದ್ದರೆ ತೂಕವಿಲ್ಲವಂತೆ.

ಬಾಗಿಲ ಹೊರಗೆ ಕಾಯುತ್ತಿದ್ದ ಬೀರಪ್ಪನ ಕೈಗೆ ಎಲ್ಲ ಕೊಟ್ಟೆ.

“ಅಕ್ಕೋರ, ಅರಬಿ ಎಲ್ಲಾ ನನ್ನ ಕಡೇನ ಕೊಟ್ರ ಅಲ್ಲಿ ಏನ್ ಉಟ್ಕೋತೀರಿ?”

“ಶಕ್ಕು ಸೀರಿ ಉಟ್ಕೋತೇನಿ.”

“ತವರಿನವ್ರು ಹೋಗಿ ಮಗಳ ಸೀರಿ ಉಟ್ಕೊಳ್ಳೂದೇನ್ರಿ? ಭಾರಿ ತವರಮನಿ ಬಿಡ್ರಿ ನಿಮ್ಮದು!” ಎಂದು ನಕ್ಕ.

ಸೂಟ್‌ಕೇಸ್ ಬೆಲ್ಟಿನ ಮೇಲೆ ಒಳಗೆ ಹೋಯಿತು. ನಾನು ಗೇಟಿನ ಹತ್ತಿರ ಹೋಗಿ ಫೋನ್ ಸ್ವಿಚ್ ಆಫ್ ಮಾಡಿದೆ. ರೂಲ್ ಈಸ್ ರೂಲ್. ಗದ್ದಲ ತಾಳದೆ ಕಿವಿಯ ಮಷೀನನ್ನೂ ತೆಗೆದು ಪರ್ಸಿಗೆ ಹಾಕಿದೆ. ಬಹಳ ನೆಮ್ಮದಿಯಾಗಿತ್ತು. ನೆಮ್ಮದಿ ಬಂದಾಗ ಸ್ವಲ್ಪ ಅನುಮಾನ ಪಡಬೇಕು.

ದಿಲ್ಲಿ. ಬೆಲ್ಟಿನ ಸುತ್ತ ಜನ. ಕಪ್ಪು ಬ್ಯಾಗು, ನೀಲಿ ಬ್ಯಾಗು, ಹಗ್ಗ ಬಿಗಿದ ಬಾಕ್ಸು. ಒಬ್ಬೊಬ್ಬರೇ ತಮ್ಮದನ್ನು ಎತ್ತಿಕೊಂಡು ಹೋದರು. ಕೊನೆಗೆ ಬೆಲ್ಟೂ ನಿಂತಿತು. ಸ್ವೆಟರ್ ಹಾಕಿಕೊಂಡ ನಾನೊಬ್ಬಳೇ.

ಕಿವಿಯ ಮಷೀನು ಮತ್ತೆ ಹಾಕಿಕೊಂಡು ಬ್ಯಾಗೇಜ್ ಕೌಂಟರಿಗೆ ಹೋದೆ. ಅಲ್ಲಿನ ಹುಡುಗ ಬಹಳ ಪೊಲೈಟ್. ಬ್ಯಾಗಿನ ಬಣ್ಣ ಕೇಳಿದ, ಸೈಜು ಕೇಳಿದ, ಶಕ್ಕುವಿನ ಅಡ್ರೆಸ್ ಬರೆದುಕೊಂಡ. ಎಲ್ಲ ಹಿಂದಿ ಬೆರೆಸಿದ ಇಂಗ್ಲಿಷ್.

“ಆಲ್ಟರ್ನೇಟ್ ನಂಬರ್, ಮೇಡಂ?”

ಬೀರಪ್ಪನ ನಂಬರ್ ಹೇಳಿದೆ.

“ಇವರು ನಿಮಗೆ...?”

“ಡ್ರೈವರ್.”

“ಫ್ಯಾಮಿಲಿ ಮೆಂಬರ್ ಯಾರದಾದರೂ ಕೊಡಿ. ಸನ್, ಡಾಟರ್, ಬ್ರದರ್...” ಅವನು ಒಂದೊಂದೇ ಹೆಸರಿಸಿದ, ಅಂಗಡಿಯಲ್ಲಿ ಇರುವ ಮಾಲು ತೋರಿಸಿದ ಹಾಗೆ. ನಾನು ಒಂದೊಂದಕ್ಕೇ ತಲೆಯಾಡಿಸಿದೆ. ನಡುವೆ ಎಲ್ಲೋ ಅವನಿಗೆ ಅರ್ಥವಾಯಿತು. ನಿಲ್ಲಿಸಿ, ಕಂಪ್ಯೂಟರಿನಲ್ಲಿ ಏನೋ ಟೈಪ್ ಮಾಡಿದ. ಏನು ಬರೆದ ಎಂದು ಕೇಳಲು ಧೈರ್ಯವಾಗಲಿಲ್ಲ.

ಫೋನ್ ಆನ್ ಮಾಡಿದೆ. ಅದು ಕೈಯಲ್ಲೇ ನಡುಗತೊಡಗಿತು. ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್, ಎಲ್ಲವೂ ಬೀರಪ್ಪನವೇ.

“ಅಕ್ಕೋರ! ಎಲ್ಲಿದ್ದೀರಿ? ನಿಮ್ಮ ಬ್ಯಾಗ್ ಅರೆಸ್ಟ್ ಮಾಡ್ಯಾರ್ರಿ!”

“ಯಾರು?”

“ಏರ್‌ಪೋರ್ಟಿನವ್ರು. ಒಳಗ ಕೊಬ್ಬರಿ ಬಟ್ಟಲಾ ಅದಾವಂತಲ್ಲ? ಅವು ತಾವ ತಾವ ಹತ್ಕೊಂಡು ಉರೀತಾವಂತ. ಟಿಕೆಟಿನ್ಯಾಗ ನಂದ ನಂಬರ್ ಇತ್ತಲ್ಲ, ನನಗ ಮಾಡಿದ್ರು. ನಿಮಗ ಹಚ್ಚಿದ್ರ ಫೋನ್ ಬಂದ್. ನಾ ನರಗುಂದದಾಗ ಚಾ ಕುಡಿಯಾಕ ಇಳಿದಿದ್ದೆ. ನಾ ಅಂದೆ, ಸಾಹೇಬ್ರ, ನಮ್ಮ ಮನ್ಯಾಗ ಡಬ್ಬಿ ತುಂಬ ಅದಾವ, ಇವತ್ತಿನ ತನಕ ಒಂದೂ ಹತ್ತಿಲ್ಲ. ಒಲಿಗೆ ಹಾಕಿದ್ರೂ ಊದಬೇಕಾಗ್ತದ. ಕೇಳಲಿಲ್ರಿ.”

“ಮೈಕಿನ್ಯಾಗ ಕರೀಲಿಲ್ಲಂತೇನು ನನ್ನ?”

“ಕರದಾರಂತ್ರಿ. ಭಾಳ ಸಲ ಕರದಾರಂತ. ನೀವು ಅಲ್ಲೇ ಎದುರಿಗೆ ಕುಂತಿದ್ರಂತ.”

ಆಗ ಆ ಬೋರ್ಡಿನ ಕೆಂಪು ಗೀಟು ನೆನಪಾಯಿತು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚಂತೆ, ವಿಮಾನದ ಹೊಟ್ಟೆಯಲ್ಲಿ ಕಾವು ಹಿಡಿದು ಉರಿಯಬಹುದಂತೆ. ಇಂಗ್ಲಿಷ್ ಟೀಚರ್ ಬೋರ್ಡಿಗೇ ಮಾರ್ಕ್ಸ್ ಕೊಟ್ಟು ಬಂದಿದ್ದಳು!

ಕೌಂಟರಿನವರಿಗೆ ಬೀಗದ ನಂಬರ್ ಹೇಳಿದೆ, ಕೊಬ್ಬರಿ ತೆಗೆಯಲು ಒಪ್ಪಿದೆ. ಬ್ಯಾಗು ನಾಳೆಯ ಫ್ಲೈಟಿಗೆ ಬಂದು ನಾಡಿದ್ದು ಮುಂಜಾನೆ ಮನೆಗೆ ಮುಟ್ಟುತ್ತದೆ ಎಂದರು. ಸರಿ. ಫಂಕ್ಷನ್ ನಾಳೆ ಬೆಳಗ್ಗೆಯೇ ಇತ್ತು.

ಶಕ್ಕು ಬಾಗಿಲಲ್ಲೇ ನಿಂತಿದ್ದಳು. ಸಣ್ಣವಳಾಗಿದ್ದಾಳೆ. ನಾವಿಬ್ಬರೂ ಅಪ್ಪಿಕೊಂಡು ನಿಂತಾಗ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದುದು ನನಗೆ ಗೊತ್ತಾಯಿತು. ಟ್ಯಾಕ್ಸಿಯವನು ಏನಾದರೂ ಇಳಿಸುತ್ತಾನೆಯೇ ಎಂದು.

“ಬ್ಯಾಗ್?”

ಹೇಳಿದೆ. ಕೊಬ್ಬರಿಯ ಕಥೆಯನ್ನು ಆದಷ್ಟು ತಮಾಷೆ ಮಾಡಿ ಹೇಳಿದೆ. ಅವಳ ಸೊಸೆ ನೇಹಾ, ದಿಲ್ಲಿಯ ಹುಡುಗಿ, ಒಳ್ಳೆಯವಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಕ್ಕು, “ಇರ್ಲಿ ಬಿಡು. ನೀ ಬಂದ್ಯಲ್ಲ,” ಎಂದಳು. ಹೀಗೆ ಹೇಳಿ ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

“ನೋ ಟೆನ್ಷನ್, ಆಂಟಿ,” ಎಂದಳು ನೇಹಾ. ಅವಳ ಬೆರಳು ಫೋನಿನ ಮೇಲೆ ನಾಲ್ಕು ಸಲ ಆಡಿತು. ‘ಇಳಕಲ್ ಟೈಪ್ ಸಾರಿ, ರೆಡ್ ಪಲ್ಲು.’ ದೀಪ ಹಚ್ಚುವ ಹೊತ್ತಿಗೆ ಸೀರೆ ಮನೆ ಬಾಗಿಲಿಗೆ ಬಂತು. ಅದಕ್ಕೆ ತಕ್ಕಡಿ ಇಲ್ಲ, ಕೌಂಟರ್ ಇಲ್ಲ, ಕೆಂಪು ಗೀಟಿನ ಬೋರ್ಡೂ ಇಲ್ಲ. ಇಳಕಲ್ಲಿಗೆ ಬಸ್ಸು ಹತ್ತಿ, ಹಳೆಯ ಪೇಪರ್ ತುರುಕಿ, ನೆಲದ ಮೇಲೆ ಕೂತು ಪೆಟಿಕೋಟು ತೆಗೆದವಳು ಅಲ್ಲೇ ಸೋಫಾದ ಮೇಲೆ ಕೂತು ಅದನ್ನು ನೋಡುತ್ತಿದ್ದಳು.

ನಿಮಗೆ ಗೊತ್ತೇ, ನಾವು ಇಲ್ಲದಿದ್ದರೂ ನಡೆಯುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅದು ಇಷ್ಟು ಬೇಗ, ಫ್ರೀ ಡೆಲಿವರಿಯಲ್ಲಿ ನಡೆಯುತ್ತದೆ ಎಂದು ತೋರಿಸಬಾರದು.

ಮರುದಿನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಫಂಕ್ಷನ್. ಮಾಲೆ ಹಾಕಿದರು. ಶಕ್ಕುವಿನ ಯಜಮಾನರು ಮಾಲೆಯನ್ನು ಅವಳ ಕಿವಿಗೆ ಸಿಕ್ಕಿಸಿದರು. ಎಲ್ಲರೂ ನಕ್ಕರು. ಆಮೇಲೆ ಸರೋಜಕ್ಕ ಮುಂದೆ ಬಂದು, ಹಿಂದಿ ಹಾಡನ್ನು ಬಂದ್ ಮಾಡಿಸಿ, ದೊಡ್ಡ ದನಿಯಲ್ಲಿ ಕರೆದರು:

“ತವರಮನಿಯವ್ರು ಯಾರ್ರಿ? ಮುಂದ ಬರ್ರಿ.”

ನಾನು ಎದ್ದೆ. ಮೈಮೇಲೆ ಶಕ್ಕುವಿನ ಸೀರೆ, ಕೈಯಲ್ಲಿ ನೇಹಾ ತರಿಸಿದ ಸೀರೆ. ನನ್ನದೆಂದು ಇದ್ದದ್ದು ತವರು ಎಂಬ ಹೆಸರು ಮಾತ್ರ.

ಹತ್ತಿರ ಹೋದಾಗ ಸರೋಜಕ್ಕ ಸ್ವಲ್ಪ ತಡೆದರು. ಕಿವಿಯ ಬಳಿ ಬಾಗಿ, ತಾವೇ ನಾಚಿಕೊಂಡವರಂತೆ ಕೇಳಿದರು. “ನಿಮ್ಮದು... ಲಗ್ನ ಆಗಿಲ್ಲಲ್ರಿ?”

“ಇಲ್ರಿ.”

“ಹಂಗಾರ ಒಂದು ಕೆಲಸ ಮಾಡ್ರಿ. ನೀವು ಕೈ ಮುಟ್ಟಿಸಿ ಕೊಡ್ರಿ. ಉಡಿ ನಾವು ತುಂಬ್ತೇವಿ. ತಪ್ಪು ತಿಳ್ಕೋಬ್ಯಾಡ್ರಿ.”

ತಪ್ಪು ತಿಳಿದುಕೊಳ್ಳಲಿಲ್ಲ. ಪಾಪ, ಅವರೇನು ಮಾಡಿಯಾರು? ಮುತ್ತೈದೆಗೆ ಒಂದು ಪದ್ಧತಿ ಇದೆ. ವಿಧವೆಗೆ ಒಂದು (ಅದು ಬೇರೆ ಜಗಳ). ಕನ್ಯೆಗೂ ಒಂದಿದೆ. ಎಪ್ಪತ್ತು ದಾಟಿದ ಕನ್ಯೆಗೆ ಏನು ಮಾಡಬೇಕೆಂದು ಹಿರಿಯರು ಹೇಳಿ ಹೋಗಿಲ್ಲ. ಎಲ್ಲ ಅರಿಷಿಣ ಕುಂಕುಮದಲ್ಲೂ ನನ್ನ ಮುಂದೆ ಬಂದಾಗ ತಟ್ಟೆ ಹಿಡಿದ ಕೈ ಅರೆಕ್ಷಣ ನಿಲ್ಲುತ್ತದೆ. ಆ ಅರೆಕ್ಷಣ ನನಗೆ ರೂಢಿಯಾಗಿದೆ. ಆದರೆ ಆ ದಿನ ನಾನು ಅತಿಥಿಯಾಗಿ ಬಂದಿರಲಿಲ್ಲವಲ್ಲ. ತವರಾಗಿ ಬಂದಿದ್ದೆ.

ಕೈ ಮುಟ್ಟಿಸಿ ಕೊಟ್ಟೆ. ಸರೋಜಕ್ಕ ಉಡಿ ತುಂಬಿದರು. ಶಕ್ಕು ಸೀರೆಯನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅವಳ ಹೆಬ್ಬೆರಳು ಸೆರಗು ಒಡಲು ಕೂಡುವ ಜಾಗಕ್ಕೆ ಹೋಯಿತು. ಹೋಗಿ, ಆ ಕಡೆಯಿಂದ ಈ ಕಡೆಗೆ ಸರ್ರನೆ ಜಾರಿತು. ತೊಡರಲು ಅಲ್ಲಿ ಏನೂ ಇರಲಿಲ್ಲ. ಮಿಲ್ಲಿನ ಬಟ್ಟೆ.

ನನ್ನ ಮುಖ ನೋಡಿದಳು.

“ಭಾಳ ಚೊಲೊ ಐತಿ, ಲಿಲ್ಲಿ,” ಎಂದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಫೋಟೋ ತೆಗೆದರು. ಆ ಫೋಟೋ ಈಗ ನನ್ನ ಫೋನಿನಲ್ಲಿದೆ. ನೇಹಾ ಕಳಿಸಿದ್ದಾಳೆ. ನಾನು ತೆರೆದಿಲ್ಲ.

ಅದರ ಮರುದಿನ ಮುಂಜಾನೆ ಸೂಟ್‌ಕೇಸ್ ಬಂತು. ಒಳಗೊಂದು ಚೀಟಿ: ಇಂತಿಂಥ ವಸ್ತು ತೆಗೆಯಲಾಗಿದೆ. ಮನೆ ಖಾಲಿಯಾಗಿತ್ತು. ಸರೋಜಕ್ಕ ಹಿಂದಿನ ಸಂಜೆಯೇ ಟ್ರೇನ್ ಹತ್ತಿದ್ದರು. ಮಗ, ನೇಹಾ ಆಫೀಸಿಗೆ. ಯಜಮಾನರು ಬಾಲ್ಕನಿಯ ಬಿಸಿಲಿನಲ್ಲಿ ಕೂತು ತೂಕಡಿಸುತ್ತಿದ್ದರು.

ಬಿಚ್ಚಿದೆವು. ತಪಾಸಣೆಯವರು ಮೇಲೆಯೇ ಇಟ್ಟಿದ್ದ ಸೀರೆಗೆ ಕೈ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಲಿಲ್ಲ. ರೊಟ್ಟಿಗೆ ಸುತ್ತಿದ್ದ ಪೇಪರ್ ತೆಗೆದಳು. ಮಂಚದ ಮೇಲೆ ಹರಡಿ, ಅಂಗೈಯಿಂದ ಸುಕ್ಕು ತೀಡಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.

“ಏ ಲಿಲ್ಲಿ, ಗುಡೂರದಾಗ ಇವತ್ತ ಕರೆಂಟ್ ಇಲ್ಲಂತ!”

“ಅದು ಹಳೇ ಪೇಪರ್ ಶಕ್ಕು.”

“ಹುನಗುಂದದಾಗೂ ಇಲ್ಲಂತ. ಲೈನ್ ರಿಪೇರಿ ಅಂತ.” ಅವಳಿಗೆ ನನ್ನ ಮಾತು ಬೇಕಿರಲಿಲ್ಲ. “ಉಳ್ಳಾಗಡ್ಡಿ ರೇಟ್ ಇಳದೈತಂತ ನೋಡು, ಅಯ್ಯ!”

ಆ ಮನೆಯಲ್ಲಿ ಉಳ್ಳಾಗಡ್ಡಿ ಎಂಬ ಶಬ್ದ ಯಾರ ಜೊತೆ ಆಡುತ್ತಾಳೆ ಅವಳು? ಯಜಮಾನರಿಗೆ ಕಿವಿ ಮಂದ. ಮೊಮ್ಮಕ್ಕಳಿಗೆ ಕನ್ನಡ ಇಲ್ಲ. ಇನ್ನೊಂದು ಹಾಳೆ ಬಿಡಿಸಿದಳು. ಗುರೆಳ್ಳು ಚಟ್ನಿಯ ಪೊಟ್ಟಣ ಸೋರಿ ಹಾಳೆಯೆಲ್ಲ ಕಪ್ಪಗಾಗಿತ್ತು. ಅದರಲ್ಲಿ ನನ್ನ ಮುಖ.

“ಅಯ್ಯ, ಇದು ನೀ ಬರದದ್ದು! ಎಣ್ಣಿ ಕುಡದ ಕುಂತೈತಲ್ಲ.”

“ಓದೂ ಮಂದಿಗಿಂತ ಚಟ್ನಿಗೇ ಭಾಳ ಸೇರೇತಿ.”

ಈ ಸಲ ನಕ್ಕಳು. ನಗುತ್ತ ನಗುತ್ತ ಎದ್ದು ಹೋಗಿ ಬೆಡ್‌ರೂಮಿನ ಬಾಗಿಲು ಹಾಕಿದಳು. ನನ್ನೆದುರು ನಿಂತು ಸೆರಗು ಒಡ್ಡಿದಳು.

“ತುಂಬು.”

“ಏನು?”

“ಉಡಿ ತುಂಬು.”

“ಹುಚ್ಚೇನ? ಕೊಬ್ಬರಿ ಇಲ್ಲ. ಮುಹೂರ್ತ ಮುಗದು ಹೋತು.”

“ರೊಟ್ಟಿ ಅದಾವಲ್ಲ, ರೊಟ್ಟಿ ಹಾಕು.”

“ಸರೋಜಕ್ಕ ಕೇಳಿದ್ರ ಏನಂದಾರು?”

“ಆಕಿ ಟ್ರೇನ್ ಇಷ್ಟೊತ್ತಿಗೆ ಭೋಪಾಳ ದಾಟಿರ್ತೈತಿ.”

“ಶಕ್ಕು, ನನ್ನ ಕೈಲೆ ಬರೂದಿಲ್ಲ ಅಂದ್ರಲ್ಲ ಅವರು.”

“ನಮ್ಮಣ್ಣ ಪಂಚಮಿಗೆ ಬುತ್ತಿ ತಂದು ಕೊಡ್ತಿದ್ದ. ಅವಂದು ಲಗ್ನ ಆಗೇತೋ ಇಲ್ಲೋ ಅಂತ ಯಾರ್ ಕೇಳ್ತಿದ್ರು? ಕೈ ನೋಯಾಕತ್ತಾವ, ಜಲ್ದಿ ಹಾಕು.”

ಹಾಕಿದೆ. ಮೊದಲು ಅಕ್ಕಿ, ಅಡಿಕೆ, ಅರಿಷಿಣ ಕೊಂಬು. ಆಮೇಲೆ ರೊಟ್ಟಿ, ಒಂದರ ಮೇಲೊಂದು. ಕರದಂಟಿನ ಬಾಕ್ಸು. ಚಟ್ನಿ ಪೊಟ್ಟಣ. ಪದ್ಧತಿ ಗೊತ್ತಿಲ್ಲದವಳು ತುಂಬಿದ ಉಡಿ, ಸಂತೆಯ ಚೀಲದ ಹಾಗಿತ್ತು. ಕೊನೆಗೆ ಎಲ್ಲದರ ಮೇಲೆ ದಾಳಿಂಬೆ ಬಣ್ಣದ ಸೀರೆ.

“ಅಯ್ಯಯ್ಯ, ವಜ್ಜ ಆತ!” ಎಂದು ಹಿಂದಕ್ಕೆ ಸರಿದು ಮಂಚದ ಮೇಲೆ ಕೂತಳು. ತುಂಬಿದ ಉಡಿ ಹಾಗೆಲ್ಲ ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಮಡಿಲಲ್ಲಿ ಹಿಡಿದುಕೊಂಡೇ ಕೂತಳು. ಹೆಬ್ಬೆರಳು ತೊಡರನ್ನು ಹುಡುಕಿ ಹಿಡಿಯಿತು. ಅಲ್ಲೇ ಹೋಗಿ ಬರತೊಡಗಿತು. ನಾನೂ ಪಕ್ಕದಲ್ಲಿ ಕೂತೆ. ಹೊರಗೆ ಯಜಮಾನರು ಚಹಾ ಕೇಳಿದರು. ಅದಕ್ಕೂ ಏಳಲಿಲ್ಲ.

ನಾನು ಅಂದೇ ಸಂಜೆ ಹೊರಟೆ. ಬಾಗಿಲಲ್ಲಿ ಶಕ್ಕು, “ಮತ್ತ ಯಾವಾಗ?” ಎಂದಳು. ಹಾಗೆಂದ ಕೂಡಲೇ ಲಿಫ್ಟ್ ಬಟನ್ ಒತ್ತಿದಳು. ನಮ್ಮ ವಯಸ್ಸಿನಲ್ಲಿ ಕೆಲವು ಪ್ರಶ್ನೆಗಳಿಗೆ ಲಿಫ್ಟ್ ಬೇಗ ಬಂದರೆ ಒಳ್ಳೆಯದು.

ಊರ ಕಡೆಯ ನಿಲ್ದಾಣದಲ್ಲಿ ಬೀರಪ್ಪ ಕಾಯುತ್ತಿದ್ದ. ನಾನು ಬಿಟ್ಟುಹೋದ ಸೀರೆಗಳನ್ನು ಅವನ ಹೆಂಡತಿ ಒಗೆದು ಇಸ್ತ್ರಿ ಮಾಡಿ ಸೀಟಿನ ಮೇಲೆ ಇಡಿಸಿದ್ದಳು. ಸೂಟ್‌ಕೇಸ್ ಎತ್ತಿದವನು ಅದು ಇಷ್ಟು ಹಗುರ ಇರುತ್ತದೆಂದು ತಿಳಿಯದೆ ಸ್ವಲ್ಪ ಮುಗ್ಗರಿಸಿದ.

“ಏನ್ ಅಕ್ಕೋರ, ಖಾಲಿ! ಅವ್ರು ಏನೂ ಕೊಟ್ಟು ಕಳಸಲಿಲ್ಲೇನು?”

“ತವರಿನವ್ರು ಕೊಟ್ಟು ಬರಬೇಕೋ, ತಗೊಂಡು ಬರಬಾರದು.”

“ಅದೂ ಖರೆ,” ಎಂದು ಗಾಡಿ ಚಾಲೂ ಮಾಡಿದ. ಸ್ವಲ್ಪ ದೂರ ಹೋದ ಮೇಲೆ, “ಮತ್ತ ನಿಮ್ಮ ತವರಮನಿ ಯಾವುದ್ರಿ?” ಎಂದು ಕೇಳಿದ. ಸುಮ್ಮನೆ ಕೇಳಿದ್ದು. ದಾರಿ ಉದ್ದ, ರೇಡಿಯೋ ಕೆಟ್ಟಿತ್ತು.

ನಾನು ಉತ್ತರಿಸಲು ಬಾಯಿ ತೆರೆದೆ. ಹುಟ್ಟಿದ ಮನೆ ಹಳೇ ಬಾಗಲಕೋಟೆಯ ಜೊತೆ ಅಣೆಕಟ್ಟಿನ ಹಿನ್ನೀರಿನ ಕೆಳಗೆ ಹೋಗಿದೆ. ಆದರೆ ಇದ್ದಿದ್ದರೂ ಅದು ನನ್ನ ತವರಾಗುತ್ತಿರಲಿಲ್ಲ. ತವರು ಬೇಕೆಂದರೆ ಹೆಣ್ಣು ಮೊದಲು ಲಗ್ನವಾಗಿ ಒಂದು ಮನೆಯಿಂದ ಹೊರಗೆ ಹೋಗಬೇಕು. ನಾನು ಹೋಗಲೇ ಇಲ್ಲ. ಅಪ್ಪ ಅವ್ವ ಹೋದರು, ಗೆಳತಿಯರು ಹೋದರು, ಊರೇ ಎದ್ದು, ನನ್ನನ್ನೂ ಎತ್ತಿಕೊಂಡು, ನವನಗರಕ್ಕೆ ಬಂತು. ನಾನು ಎಲ್ಲರನ್ನೂ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟವಳು. ಉಳಿದವಳೇ ಹೋದವರಿಗೆಲ್ಲ ತವರು. ಇರಲಿ, ಅದು ಸಣ್ಣ ಕೆಲಸವೇನಲ್ಲ, ಈಗ ಅನುಭವದಿಂದ ಹೇಳುತ್ತೇನೆ.

ಆದರೂ ಬೀರಪ್ಪನಿಗೆ ಉತ್ತರ ಕೊಡುವುದು ಇನ್ನೂ ಬಾಕಿ ಇದೆ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ: ಯಾವ ಮನೆಯನ್ನೂ ಬಿಟ್ಟು ಹೋಗದ ಹೆಂಗಸಿನ ಉಡಿ ತುಂಬಲು ಯಾರು, ಯಾವ ಊರಿನಿಂದ ಬರಬೇಕು?